ಕುರ್ಲಾದ ಮೀನಿನಂಗಡಿ ಮತ್ತು ನನ್ನ ನಾಲ್ಕು ಲೋಚ್‌ಗಳು

ಮೊದಲ ಸಲ ಹೋದಾಗ ಅಂಗಡಿಯ ಕಾಕಾ ನನಗೆ ಮೀನು ಕೊಡಲೇ ಇಲ್ಲ. "ತಾಈ, ನಿಮ್ಮ ಟ್ಯಾಂಕಿನಲ್ಲಿ ನೀರು ಓಡುತ್ತದಾ, ಸುಮ್ನೆ ನಿಂತಿರುತ್ತದಾ?" ಎಂದು ಕೇಳಿದರು. ನಿಂತಿರುತ್ತದೆ ಎಂದೆ. "ಹಾಗಾದರೆ ಮೊದಲು ಅದನ್ನು ಓಡಿಸಿ, ಆಮೇಲೆ ಬನ್ನಿ."

ಮುಂಬಯಿಯ ಕುರ್ಲಾ ವೆಸ್ಟ್‌ನಲ್ಲಿ ಅಕ್ವೇರಿಯಂ ಅಂಗಡಿಗಳ ಸಾಲಿದೆಯಲ್ಲಾ, ಅದರಲ್ಲಿ ಇದು ತೀರಾ ಚಿಕ್ಕದು. ನಾನು ಹುಡುಕುತ್ತಿದ್ದದ್ದು ಹಿಲ್‌ಸ್ಟ್ರೀಮ್ ಲೋಚ್, ಕಲ್ಲಿಗೆ ಅಂಟಿಕೊಂಡು ಬದುಕುವ ಪುಟ್ಟ ಚಪ್ಪಟೆ ಮೀನು. ಸೆವೆಲಿಯಾ ಲಿನಿಯೊಲಾಟಾ ಅಂತ ಅದರ ವೈಜ್ಞಾನಿಕ ಹೆಸರು. ವಿಯೆಟ್ನಾಂನ ರಭಸದ ತೊರೆಗಳ ಮೀನು. ಬೆಳೆದರೂ ಎರಡೂವರೆ ಇಂಚು ದಾಟುವುದು ಕಷ್ಟ. ಮೈಮೇಲೆ ಕಪ್ಪು-ಹಳದಿ ಬಲೆ ಹೆಣೆದ ಹಾಗೆ ಗೆರೆ.

ನಾನು ಸುಳ್ಯದವಳು. ಚಿಕ್ಕಂದಿನಲ್ಲಿ ಪಯಸ್ವಿನಿ ಹೊಳೆಗೆ ಇಳಿದಾಗ ಕಲ್ಲಿಗೆ ಅಂಟಿಕೊಂಡ ಪುಟ್ಟ ಮೀನುಗಳನ್ನು ಬೆರಳಲ್ಲಿ ಬಿಡಿಸಲು ನೋಡುತ್ತಿದ್ದೆವು, ಬರುತ್ತಿರಲಿಲ್ಲ. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಅಂಥದ್ದೊಂದು ಬೇಕು ಅನ್ನಿಸಿತ್ತು. ಹೋದ ವರ್ಷ ಬೇರೊಂದು ಅಂಗಡಿಯವರು ಇದೇ ಮೀನನ್ನು "ಗಾಜು ಕ್ಲೀನ್ ಮಾಡುತ್ತದೆ" ಎಂದು ಎರಡು ಕಟ್ಟಿ ಕೊಟ್ಟರು. ಬೇರೇನೂ ಹೇಳಲಿಲ್ಲ. ಮೇ ತಿಂಗಳ ಸೆಖೆ. ಮೂರೇ ವಾರದಲ್ಲಿ ಎರಡೂ ಹೋದವು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಹರಿಯುವ ತಣ್ಣೀರಿನ ಮೀನಿಗೆ ಅದು ಉಸಿರು ಕಟ್ಟಿಸಿದ ಹಾಗೆ. ನನಗೆ ಆಗ ಗೊತ್ತಿರಲಿಲ್ಲ, ಈಗಲೂ ಬೇಜಾರಾಗುತ್ತದೆ.

ಕಾಕಾನ ಟ್ಯಾಂಕ್ ನೋಡಬೇಕು ನೀವು. ಒಂದು ತುದಿಯಲ್ಲಿ ಪವರ್‌ಹೆಡ್ (ನೀರನ್ನು ರಭಸವಾಗಿ ಓಡಿಸುವ ಪುಟ್ಟ ಪಂಪ್), ಕೆಳಗೆಲ್ಲ ನುಣುಪು ಗುಂಡುಕಲ್ಲು, ಮೇಲೆ ಫ್ಯಾನ್. ಥರ್ಮಾಮೀಟರ್ 23 ಡಿಗ್ರಿ ತೋರಿಸುತ್ತಿತ್ತು. ನೀರು ನುಗ್ಗಿ ಬರುವ ಕಡೆಗೇ ಎಲ್ಲ ಮೀನುಗಳ ಮುಖ. ಗಾಜಿಗೆ ಅಂಟಿದ್ದನ್ನು ಈಚೆಯಿಂದ ನೋಡಿದರೆ ಗುಟ್ಟು ಕಾಣುತ್ತದೆ: ಎದೆಯ ರೆಕ್ಕೆ, ಹೊಟ್ಟೆಯ ರೆಕ್ಕೆ ಎರಡೂ ಅಗಲವಾಗಿ ಹರಡಿ, ಇಡೀ ಮೈ ಒಂದು ತಟ್ಟೆಯಾಗಿ ಗಾಜನ್ನು ಹಿಡಿದಿರುತ್ತದೆ. ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲೂ ಇದರ ದೂರದ ನೆಂಟ ಇದೆ, ಭವಾನಿಯಾ ಆಸ್ಟ್ರಾಲಿಸ್. ಅದೂ ಹೀಗೇ ಬಂಡೆ ಹಿಡಿದು ಬದುಕುತ್ತದೆ.

ಪವರ್‌ಹೆಡ್ ಹಾಕಿ ಒಂದು ತಿಂಗಳು ಬಿಟ್ಟು ಮತ್ತೆ ಹೋದೆ. ಫೋನಿನಲ್ಲಿ ವಿಡಿಯೋ ತೋರಿಸಿದ ಮೇಲೆ ನಾಲ್ಕು ಕೊಟ್ಟರು, ಒಂದಕ್ಕೆ 500 ರೂಪಾಯಿ. ಪಾಚಿ ಹಿಡಿದ ಎರಡು ಕಲ್ಲನ್ನು ಹಾಗೇ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಈ ಮೀನಿನ ಮುಖ್ಯ ಊಟವೇ ಕಲ್ಲಿನ ಮೇಲಿನ ಆ ಲೋಳೆ ಮತ್ತು ಅದರೊಳಗಿನ ಸಣ್ಣ ಜೀವಿಗಳು. ಈಗ ನಾನೂ ಬಾಲ್ಕನಿಯ ಬಿಸಿಲಲ್ಲಿ ಬಕೆಟ್ ಇಟ್ಟು ಕಲ್ಲಿಗೆ ಪಾಚಿ ಬೆಳೆಸುತ್ತೇನೆ, ವಾರಕ್ಕೊಮ್ಮೆ ಬದಲಾಯಿಸುತ್ತೇನೆ. ಪ್ಯಾಕಿಂಗ್ ಕೂಡ ಚೆನ್ನಾಗಿತ್ತು. ಆಕ್ಸಿಜನ್ ತುಂಬಿದ ಚೀಲ, ಥರ್ಮಾಕೋಲ್ ಡಬ್ಬ. ಸ್ಲೋ ಲೋಕಲ್ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ, ನಾಲ್ಕೂ ಚುರುಕಾಗಿದ್ದವು.

ಒಂದೇ ಕೊರತೆ. ಇವು ಸಾಕಣೆಯ ಮರಿಗಳಾ, ಹೊಳೆಯಿಂದ ಹಿಡಿದವಾ ಎಂದು ಕೇಳಿದರೆ ಕಾಕಾನ ಹತ್ತಿರ ಉತ್ತರವಿಲ್ಲ. "ಹೊರಗಿಂದ ಬರುತ್ತದೆ, ಅಷ್ಟೇ ಗೊತ್ತು" ಎಂದರು. ತಮ್ಮ ಮೂಲ ತೊರೆಗಳಲ್ಲಿ ಅಪಾಯದಲ್ಲಿರುವ ಮೀನುಗಳ ಪಟ್ಟಿಯಲ್ಲಿ ಇದೂ ಇದೆ. ಹಾಗಾಗಿ ಈ ಪ್ರಶ್ನೆ ನನಗೆ ದೊಡ್ಡದು. ಟ್ಯಾಂಕಿನಲ್ಲೂ ಇವು ಮೊಟ್ಟೆಯಿಟ್ಟು ಮರಿ ಮಾಡುತ್ತವೆ, ಸಾಕಿದ ಮರಿ ಬಂದರೆ ತಿಳಿಸಿ ಎಂದು ನಂಬರ್ ಕೊಟ್ಟು ಬಂದಿದ್ದೇನೆ.

ಭಾನುವಾರ ಹೋಗಬೇಡಿ, ಕಾಲಿಡಲು ಜಾಗ ಇರಲ್ಲ, ಕಾಕಾಗೆ ಮಾತಾಡಲು ಪುರುಸೊತ್ತೂ ಇರಲ್ಲ. ವಾರದ ದಿನ ಹೋಗಿ. ನಿಮ್ಮ ಟ್ಯಾಂಕಿನ ವಿಡಿಯೋ ತಗೊಂಡು ಹೋಗಿ.