ಸ್ವಿಂಗ್‌ಆರ್ಮ್ ಬೇರಿಂಗ್ ಹೊಸದು, ಕಾಲರ್ ಹಳೆಯದು: ಹೀಗೆ ಮಾಡಿಸಿಕೊಳ್ಳಬೇಡಿ

20 ವರ್ಷ ಹಳೆಯದಾದ ನನ್ನ ಬೈಕಿನ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದು ಫ್ರೇಮಿಗೆ ಸೇರುವ, ಮೇಲೆ ಕೆಳಗೆ ಆಡುವ ತೋಳು) ಬೇರಿಂಗುಗಳನ್ನು 8 ತಿಂಗಳ ಅಂತರದಲ್ಲಿ ಎರಡು ಸಲ ಬದಲಿಸಬೇಕಾಯಿತು. ಅದಕ್ಕೂ ಮೊದಲು ಹಿಂದಿನ ಟೈರು, ಚಕ್ರದ ಬೇರಿಂಗು, ಹ್ಯಾಂಡಲ್‌ನ ಕೋನ್ ಸೆಟ್ಟು ಒಂದಾದ ಮೇಲೊಂದರಂತೆ ಬದಲಾಗಿದ್ದವು. ಆ ಮೂರರಲ್ಲಿ ಯಾವುದರಲ್ಲೂ ದೋಷವಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಮಾತು ನನ್ನ ಗಾಡಿಯ ವಿಷಯದಲ್ಲಿ ಮೂರು ಸಲ ನಿಜವಾಯಿತು.

ನೇರವಾದ ರಸ್ತೆಯಲ್ಲಿ ಏನೂ ತಿಳಿಯುತ್ತಿರಲಿಲ್ಲ. ತಿರುವಿನಲ್ಲಿ ಗಾಡಿಯನ್ನು ವಾಲಿಸಿ, ನಡುವೆ ಥ್ರಾಟಲ್ ಬಿಟ್ಟು ಮತ್ತೆ ಕೊಟ್ಟೊಡನೆ, ಹಿಂದೆ ಕುಳಿತವರು ತಟಕ್ಕನೆ ಮಗ್ಗುಲು ಬದಲಿಸಿದರೇನೋ ಎಂಬಂತೆ ಹಿಂಭಾಗ ಒಂದಿಷ್ಟು ಪಕ್ಕಕ್ಕೆ ಸರಿಯುತ್ತಿತ್ತು. ಹಿಂದೆ ಯಾರೂ ಇರುತ್ತಿರಲಿಲ್ಲ. ಚೈನು ಸ್ವಿಂಗ್‌ಆರ್ಮಿನ ಒಂದೇ ಬದಿಯಲ್ಲಿ ಇರುವುದರಿಂದ ಎಂಜಿನ್ನಿನ ಎಳೆತ ಬಿದ್ದಾಗ ಆರ್ಮ್ ಆ ಕಡೆಗೆ ಸೆಳೆಯಲ್ಪಡುತ್ತದೆ, ಎಳೆತ ತಪ್ಪಿದಾಗ ಮರಳುತ್ತದೆ. ಬೇರಿಂಗ್ ಬಿಗಿಯಾಗಿದ್ದರೆ ಇದು ಸವಾರನಿಗೆ ಗೊತ್ತಾಗುವುದೇ ಇಲ್ಲ. ಪಿವಟ್‌ನಲ್ಲಿ (ಆರ್ಮ್ ಫ್ರೇಮಿಗೆ ಸೇರಿ ಆಡುವ ಕೀಲು) ಕೂದಲೆಳೆಯಷ್ಟಿರುವ ಸಡಿಲ ಸುಮಾರು ಅರ್ಧ ಮೀಟರ್ ಹಿಂದಿರುವ ಚಕ್ರದಲ್ಲಿ ಹಲವು ಪಟ್ಟು ದೊಡ್ಡದಾಗುವುದರಿಂದ, ಥ್ರಾಟಲ್ ಏರಿಳಿದಾಗಲೆಲ್ಲ ಹಿಂದಿನ ಚಕ್ರ ತನ್ನಷ್ಟಕ್ಕೆ ತಾನೇ ದಿಕ್ಕು ಬದಲಿಸಿದಂತಾಗುತ್ತದೆ.

ಗ್ಯಾರೇಜಿನಲ್ಲಿ ಪರೀಕ್ಷೆ ನಡೆದ ಬಗೆಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ತಪ್ಪು ಅಲ್ಲಿಂದಲೇ ಶುರುವಾಯಿತು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರದ ಮೇಲ್ಭಾಗವನ್ನು ಹಿಡಿದು ಅಲ್ಲಾಡಿಸಿ, ‘ಪ್ಲೇ ಇದೆ, ವೀಲ್ ಬೇರಿಂಗ್ ಹೋಗಿದೆ’ ಎಂದರು. ಪ್ಲೇ, ಎಂದರೆ ಸಡಿಲ, ಇದ್ದದ್ದು ಸತ್ಯ. ಆದರೆ ಚಕ್ರವನ್ನು ಹಿಡಿದು ಅಲ್ಲಾಡಿಸಿದಾಗ ಚಕ್ರದ ಬೇರಿಂಗಿನ ಸಡಿಲವೂ ಪಿವಟ್‌ನ ಸಡಿಲವೂ ಒಂದೇ ಆಗಿ ಕೈಗೆ ಬರುತ್ತವೆ. ಒಬ್ಬರು ಚಕ್ರವನ್ನು ಅಲುಗಾಡಿಸುತ್ತಿರುವಾಗ ಇನ್ನೊಬ್ಬರು ಸ್ವಿಂಗ್‌ಆರ್ಮ್ ಫ್ರೇಮನ್ನು ಸೇರುವ ಸಂದಿನಲ್ಲಿ ಬೆರಳಿಟ್ಟು ನೋಡಿದ್ದರೆ ಅಲ್ಲೇ ಚಲನೆ ತಿಳಿಯುತ್ತಿತ್ತು. ಇನ್ನೂ ಖಚಿತವಾದ ಕ್ರಮವೆಂದರೆ ಚಕ್ರವನ್ನು ಕಳಚಿ, ಶಾಕ್ ಅಬ್ಸಾರ್ಬರುಗಳ ಕೆಳಗಿನ ಬೋಲ್ಟುಗಳನ್ನು ಬಿಚ್ಚಿ, ಆರ್ಮಿನ ಎರಡೂ ತುದಿಗಳನ್ನು ಹಿಡಿದು ಎಡಕ್ಕೂ ಬಲಕ್ಕೂ ತಳ್ಳಿ ನೋಡುವುದು. ಶಾಕ್‌ಗಳು ಜೋಡಣೆಯಲ್ಲಿದ್ದರೆ ಅವುಗಳ ಸ್ಪ್ರಿಂಗಿನ ಬಿಗಿತ ಸಣ್ಣ ಪ್ಲೇಯನ್ನು ಮುಚ್ಚಿಡುತ್ತದೆ. ಅದೇ ಹೊತ್ತಿನಲ್ಲಿ ಆರ್ಮನ್ನು ಮೇಲೆತ್ತಿ ನಿಧಾನವಾಗಿ ಇಳಿಸಬೇಕು. ಎಲ್ಲಾದರೂ ತಡೆದು ತಡೆದು ಇಳಿಯುತ್ತಿದ್ದರೆ ಬೇರಿಂಗಿನೊಳಗೆ ತುಕ್ಕು ಅಥವಾ ಗುಳಿ ಇದೆಯೆಂದು ತಿಳಿಯಬೇಕು. ಶಾಕ್ ಜೋಡಿಸಿರುವಾಗ ಮೇಲೆ ಕೆಳಗೆ ಮಾತ್ರ ಕಾಣುವ ಪ್ಲೇ ಬಹುಮಟ್ಟಿಗೆ ಶಾಕ್‌ನ ಬುಷ್‌ನದು, ಮೋನೋಶಾಕ್ (ಹಿಂದೆ ಒಂದೇ ಶಾಕ್ ಇರುವ ಗಾಡಿ) ಆದರೆ ಶಾಕನ್ನು ಆರ್ಮಿಗೆ ಸೇರಿಸುವ ಲಿಂಕೇಜಿನದು.

ಕೊನೆಗೂ ದೋಷ ಸ್ವಿಂಗ್‌ಆರ್ಮಿನದೇ ಎಂದು ಒಪ್ಪಿಕೊಂಡ ಗ್ಯಾರೇಜಿನವರು ಎರಡೂ ಬದಿಯ ನೀಡಲ್ (ಸೂಜಿಯಂಥ ತೆಳು ಉರುಳೆಗಳಿರುವ) ಬೇರಿಂಗುಗಳನ್ನೂ ಸೀಲುಗಳನ್ನೂ ಬದಲಿಸಿಕೊಟ್ಟರು. ಕಾಲರ್ ಚೆನ್ನಾಗಿಯೇ ಇದೆ, ಒರೆಸಿ ಹಾಕಿದ್ದೇವೆ ಎಂದರು. ಕಾಲರ್ ಎಂದರೇನೆಂದು ಕೇಳುವ ಬುದ್ಧಿ ಆಗ ನನಗೂ ಬರಲಿಲ್ಲ. ಆರೇಳು ತಿಂಗಳು ಗಾಡಿ ನೆಟ್ಟಗೆ ಓಡಿ, ಎಂಟನೆಯ ತಿಂಗಳಲ್ಲಿ ಹಳೆಯ ಚಾಳಿಗೆ ಮರಳಿತು.

ಎರಡನೆಯ ಸಲ ನಾನೇ ಬಿಚ್ಚಿದೆ. ಪಿವಟ್ ಬೋಲ್ಟಿನ ಮೇಲೆ ತೊಡಿಸುವ ಉಕ್ಕಿನ ಕೊಳವೆಯಂಥ ಭಾಗವೇ ಕಾಲರ್. ನೀಡಲ್‌ಗಳು ಉರುಳುವುದು ಇದರ ಮೈಮೇಲೆ. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದಾಗ ಒಂದು ಪಕ್ಕದಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ಉದ್ದುದ್ದ ಗೀರುಗಳು ಕಂಡವು, ನಡುನಡುವೆ ಕಂದು ಬಣ್ಣದ ಗುಳಿಗಳಿದ್ದವು, ಉಗುರನ್ನು ಅಡ್ಡಲಾಗಿ ಎಳೆದರೆ ಪ್ರತಿ ಗೀರಿನಲ್ಲೂ ಸಿಕ್ಕಿಕೊಳ್ಳುತ್ತಿತ್ತು. ಸ್ವಿಂಗ್‌ಆರ್ಮ್ ಪೂರ್ತಿ ಸುತ್ತುವುದಿಲ್ಲ, ಕೆಲವೇ ಡಿಗ್ರಿಗಳಷ್ಟು ಹಿಂದೆ ಮುಂದೆ ಆಡುತ್ತದೆ. ಹೀಗಾಗಿ ಪ್ರತಿ ನೀಡಲ್ ವರ್ಷಗಟ್ಟಲೆ ಒಂದೇ ಜಾಗವನ್ನು ಒತ್ತುತ್ತದೆ, ಅಲ್ಲಿನ ಗ್ರೀಸ್ ಪಕ್ಕಕ್ಕೆ ಸರಿಯುತ್ತದೆ, ಸೀಲ್ ಸವೆದಿದ್ದರೆ ಆ ಜಾಗಕ್ಕೆ ನೀರು ಇಳಿಯುತ್ತದೆ. ಸವೆತದ ದೊಡ್ಡ ಪಾಲು ಕಾಲರಿನಲ್ಲಿಯೇ ಇದ್ದಾಗ, ಗುಳಿಬಿದ್ದ ಆ ಮೈಮೇಲೆ ಹೊಸ ನೀಡಲ್‌ಗಳನ್ನು ಬಿಟ್ಟರೆ ಅವು ಬಾಳುವುದಾದರೂ ಹೇಗೆ?

ಎಡಗಡೆಯ ಬೇರಿಂಗಿನ ಅಂಚಿನಲ್ಲಿ ಸುತ್ತಿಗೆಯ ಗುರುತಿತ್ತು, ಆ ಗುರುತಿನ ಕೆಳಗಿನ ಎರಡು ನೀಡಲ್‌ಗಳು ತಿರುಗುತ್ತಲೇ ಇರಲಿಲ್ಲ. ಈ ಬಗೆಯ ಬೇರಿಂಗಿನ ಹೊರಚಿಪ್ಪು ತೆಳುವಾದ ತಗಡಿನದು, ಸುತ್ತಿಗೆಯ ಏಟಿಗೆ ಸುಲಭವಾಗಿ ಜಜ್ಜಿಹೋಗುತ್ತದೆ. ಅಕ್ಷರ ಒತ್ತಿರುವ ಮುಖವನ್ನು ಹೊರಗಿಟ್ಟು, ಆ ಮುಖಕ್ಕೆ ಪೂರ್ತಿಯಾಗಿ ಕೂರುವ ತುಂಡನ್ನು ಇಟ್ಟು, ಥ್ರೆಡ್ ಇರುವ ಉದ್ದದ ಸರಳು, ದಪ್ಪ ವಾಷರ್ ಮತ್ತು ನಟ್ಟುಗಳಿಂದ ಮೆಲ್ಲಗೆ ಎಳೆದು ಕೂರಿಸಬೇಕು. ನಾನು ಬೇರಿಂಗುಗಳನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟಿದ್ದೆ, ಆರ್ಮಿನ ಕೊಳವೆಯನ್ನು ಹಾಟ್ ಏರ್ ಗನ್ನಿನಿಂದ ಬಿಸಿಮಾಡಿದ್ದೆ. ಅಷ್ಟರಿಂದಲೇ ಕೆಲಸ ಅರ್ಧಕ್ಕರ್ಧ ಹಗುರಾಯಿತು. ಹಳೆಯದನ್ನು ತೆಗೆಯುವ ಮುನ್ನ ಅದು ಎಷ್ಟು ಒಳಗೆ ಕುಳಿತಿದೆಯೆಂದು ಅಳೆದು ಬರೆದಿಟ್ಟುಕೊಳ್ಳದಿದ್ದರೆ ಸೀಲಿಗೆ ಜಾಗ ಸಾಲದೆ ಹೋಗಬಹುದು. ಹೊಸ ಬೇರಿಂಗಿನ ಮೇಲೆ ಹೊಳೆಯುವ ಎಣ್ಣೆ ತುಕ್ಕು ಹಿಡಿಯದಿರಲೆಂದು ಹಚ್ಚಿದ್ದು, ಅದನ್ನು ಗ್ರೀಸ್ ಎಂದು ನಂಬಬಾರದು. ನೀರಿಗೆ ಜಗ್ಗದ ಗ್ರೀಸನ್ನು ನೀಡಲ್‌ಗಳ ನಡುವೆ ಬೆರಳಿನಿಂದ ತುಂಬಬೇಕು.

ಪಿವಟ್ ಬೋಲ್ಟು ಹಿಡಿದುಕೊಂಡಿದ್ದರೆ ಆತುರಪಡಬೇಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದೆರಡು ದಿನ ಬಿಡಿ. ಮೊದಲು ತಲೆಯ ಕಡೆಯಿಂದ ತಿರುಗಿಸಲು ನೋಡಿ. ಹೊಡೆಯಲೇಬೇಕಾದರೆ ನಟ್ಟನ್ನು ಬೋಲ್ಟಿನ ತುದಿಯ ಮಟ್ಟಕ್ಕೆ ತಿರುಗಿಸಿಟ್ಟು, ಹಿತ್ತಾಳೆಯ ತುಂಡನ್ನು ನಡುವೆ ಹಿಡಿದು ಹೊಡೆಯಿರಿ. ತುದಿ ಅಣಬೆಯಂತೆ ಅರಳಿತೆಂದರೆ ಬೋಲ್ಟು ಆ ದಾರಿಯಲ್ಲಿ ಹೊರಬರುವುದಿಲ್ಲ.

ಜೋಡಿಸುವಾಗ ನಟ್ಟನ್ನು ಮ್ಯಾನ್ಯುಯಲ್ಲಿನಲ್ಲಿರುವ ಟಾರ್ಕ್‌ಗೇ ಬಿಗಿಯಬೇಕು. ಬೋಲ್ಟು ಹಿಡಿದಿಡುವುದು ಫ್ರೇಮು ಮತ್ತು ಕಾಲರನ್ನು; ಆರ್ಮ್ ಅದರ ಮೇಲೆ ಸಲೀಸಾಗಿ ಆಡಬೇಕು. ಬಿಗಿದ ಮೇಲೆ ಆರ್ಮ್ ಗಡುಸಾದರೆ ನಟ್ಟನ್ನು ಸಡಿಲಿಸಿ ಸಮಾಧಾನಪಟ್ಟುಕೊಳ್ಳುವುದು ಅಪಾಯ. ವಾಷರ್, ಶಿಮ್ (ಸಂದು ತುಂಬುವ ತೆಳು ಬಿಲ್ಲೆ) ಅಥವಾ ಕಾಲರಿನ ಉದ್ದದಲ್ಲಿ ವ್ಯತ್ಯಾಸವಿದೆಯೆಂದೇ ಅರ್ಥ, ಮತ್ತೆ ಬಿಚ್ಚಿ ನೋಡಬೇಕು. ನಿಮ್ಮ ಗಾಡಿಯಲ್ಲಿ ನೀಡಲ್ ಬದಲು ರಬ್ಬರ್ ಬುಷ್ ಇದ್ದರೆ ಈ ಕ್ರಮ ಬೇರೆ: ಅದಕ್ಕೆ ಗ್ರೀಸ್ ಬೇಡ, ಮತ್ತು ಗಾಡಿಯ ಭಾರ ಚಕ್ರದ ಮೇಲೆ ಬಿದ್ದಿರುವಾಗಲೇ ನಟ್ಟನ್ನು ಕೊನೆಯ ಬಿಗಿತಕ್ಕೆ ತರಬೇಕು, ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕೆಲಸವನ್ನು ಬೇರೆಯವರಿಗೆ ಒಪ್ಪಿಸುವುದಾದರೆ ಬೇರಿಂಗು, ಸೀಲುಗಳ ಜೊತೆಗೆ ಕಾಲರನ್ನೂ ನೀವೇ ತಂದುಕೊಡಿ, ಹಳೆಯ ಕಾಲರನ್ನು ತೊಳೆಯದೆ ಹಾಗೆಯೇ ವಾಪಸು ಕೊಡಬೇಕೆಂದು ಮೊದಲೇ ಹೇಳಿಡಿ.