ಅಲೆಕ್ಟಿನಿಬ್ ಮಾತ್ರೆ: ನಮ್ಮಕ್ಕನ ಹದಿನಾಲ್ಕು ತಿಂಗಳು

ಬೆಳಿಗ್ಗೆ ನಾಲ್ಕು, ರಾತ್ರಿ ನಾಲ್ಕು. ಒಂದೊಂದು ಕ್ಯಾಪ್ಸೂಲ್ 150 ಮಿ.ಗ್ರಾಂ. ಅಕ್ಕನ ಶ್ವಾಸಕೋಶದ ಕ್ಯಾನ್ಸರ್‌ಗೆ ದಾವಣಗೆರೆಯ ನಮ್ಮ ಮನೆಯಲ್ಲಿ ಹದಿನಾಲ್ಕು ತಿಂಗಳಿಂದ ಇದೇ ಲೆಕ್ಕ.

ಬೀಡಿ ಸಿಗರೇಟು ಬಿಡಿ, ಅಕ್ಕ ಎಲೆ ಅಡಿಕೆ ಕೂಡ ಹಾಕಿದವಳಲ್ಲ. ಕೆಮ್ಮು ಅಂತ ಮೊದಲು ತೋರಿಸಿದ ಕಡೆ ಟಿಬಿ ಅಂದರು, ಕಫದಲ್ಲಿ ಏನೂ ಸಿಗದಿದ್ದರೂ ನಾಲ್ಕು ತಿಂಗಳು ಟಿಬಿ ಮಾತ್ರೆ ನುಂಗಿಸಿದರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಗೆ ಬಯಾಪ್ಸಿಯಲ್ಲಿ ಗೊತ್ತಾಯಿತು, ಅಡಿನೊಕಾರ್ಸಿನೋಮಾ ಅನ್ನುವ ಬಗೆಯ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಕೀಮೋಗೆ ತಯಾರಾಗಿದ್ದೆವು. ಆಗ ಒಬ್ಬ ಡಾಕ್ಟರ್, "ತಡೀರಿ, ಬಯಾಪ್ಸಿ ಬ್ಲಾಕ್ (ಮೇಣದಲ್ಲಿ ಕಾಪಿಟ್ಟ ಗಡ್ಡೆಯ ತುಣುಕು) ಬೆಂಗಳೂರಿಗೆ ಕಳಿಸೋಣ, ಜೀನ್ ಟೆಸ್ಟ್ ಆಗಲಿ" ಅಂದರು. ಆ ಒಂದು ಮಾತಿಗೆ ನಾನು ಸಾಯೋವರೆಗೂ ಋಣಿ.

ರಿಪೋರ್ಟ್ ಎಎಲ್‌ಕೆ ಪಾಸಿಟಿವ್ ಅಂತ ಬಂತು. ಶ್ವಾಸಕೋಶದ ಕ್ಯಾನ್ಸರ್ ಇರುವ 100 ಜನರಲ್ಲಿ 3ರಿಂದ 5 ಜನರಿಗೆ ಮಾತ್ರ ಇರುವಂಥದ್ದು, ಅದರಲ್ಲೂ ಸಿಗರೇಟು ಮುಟ್ಟದವರಲ್ಲಿ, ಸ್ವಲ್ಪ ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿ. ಎಎಲ್‌ಕೆ ಜೀನ್ ಮುರಿದು ಇನ್ನೊಂದು ಜೀನ್‌ಗೆ ಅಂಟಿಕೊಂಡು, ಜೀವಕೋಶವನ್ನು ಸುಮ್ಮನಿರಲು ಬಿಡದೆ ಬೆಳೆಸುತ್ತಲೇ ಇರುತ್ತದೆ. 2007ರಲ್ಲಿ ಜಪಾನಿನವರು ಇದನ್ನು ಪತ್ತೆ ಮಾಡಿದರು. ಇದನ್ನು ತಡೆಯಲು ಮೊದಲು ಬಂದ ಕ್ರಿಜೋಟಿನಿಬ್ ಮಾತ್ರೆ ಮೆದುಳಿಗೆ ಸರಿಯಾಗಿ ತಲುಪುತ್ತಿರಲಿಲ್ಲ, ಅಲೆಕ್ಟಿನಿಬ್ ತಲುಪುತ್ತದೆ. ಅದಕ್ಕೇ ನಮಗೆ ಇದನ್ನು ಬರೆದುಕೊಟ್ಟಿದ್ದು.

ಐದನೇ ವಾರಕ್ಕೆ ಕೆಮ್ಮು ನಿಂತಿತು. ಮೂರನೇ ತಿಂಗಳ ಸ್ಕ್ಯಾನ್‌ನಲ್ಲಿ ಗಡ್ಡೆ ಅರ್ಧಕ್ಕಿಂತ ಸಣ್ಣದಾಗಿತ್ತು.

ತೊಂದರೆ ಇಲ್ಲವೇ ಅಂದರೆ ಇದೆ. ಮಲಬದ್ಧತೆ, ಕಾಲಿನ ಊತ, ಮೊದಲೆರಡು ತಿಂಗಳು ತೊಡೆ ನೋವು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ವಾ, ಒಂದು ಮಧ್ಯಾಹ್ನ ಮಂಡಿಪೇಟೆಗೆ ಹೋಗಿ ಬಂದಿದ್ದಕ್ಕೇ ಮುಂಗೈ ಕೆಂಪಗಾಯಿತು. ಈಗ ತುಂಬು ತೋಳಿನ ರವಿಕೆ, ಕೊಡೆ, ಸನ್‌ಸ್ಕ್ರೀನ್ ಇಲ್ಲದೆ ಹೊರಗೆ ಕಾಲಿಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಬಾರದು, ಊಟ ತಿಂಡಿ ಜೊತೆಗೇ ಆಗಬೇಕು. ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ ಲಿವರ್ ಟೆಸ್ಟ್. ಅದನ್ನು ಇಲ್ಲೇ ಮಾಡಿಸಿ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೆವು, ಬೆಂಗಳೂರಿನ ಓಡಾಟ ಸ್ಕ್ಯಾನ್‌ಗೆ ಮಾತ್ರ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಬೆಲೆಗೆ. ನಮ್ಮಂಥ ಮನೆಗೆ ತುಂಬಾ ಭಾರ, ಸಹಾಯ ಯೋಜನೆ ಏನಾದರೂ ಇದೆಯಾ ಅಂತ ಮೊದಲ ದಿನವೇ ಕೇಳಿ, ನಾವು ತಡವಾಗಿ ಕೇಳಿದೆವು. ಎಂದಾದರೂ ಈ ಮಾತ್ರೆಗೆ ರೋಗ ಬಗ್ಗದೆ ಹೋದರೆ ಲೋರ್ಲಾಟಿನಿಬ್ ಅನ್ನುವ ಇನ್ನೊಂದು ಮಾತ್ರೆ ಇದೆ ಅಂದಿದ್ದಾರೆ ಡಾಕ್ಟರ್. ನಿಮ್ಮ ಮನೆಯಲ್ಲಿ ಯಾರಿಗಾದರೂ ಶ್ವಾಸಕೋಶದ ಅಡಿನೊಕಾರ್ಸಿನೋಮಾ ಅಂತ ಬಂದಿದ್ದರೆ, ಕೀಮೋ ಶುರು ಮಾಡುವ ಮೊದಲು ಜೀನ್ ಟೆಸ್ಟ್ ಆಯಿತಾ ಅಂತ ದಯವಿಟ್ಟು ಬಾಯಿಬಿಟ್ಟು ಕೇಳಿ.