62 ಮಿ.ಮೀ. ಬೋರ್ ಕಿಟ್: 18,000 ಕಿ.ಮೀ. ಓಡಿಸಿದ ಮೇಲೆ

ನನ್ನ ಬೈಕಿನದು ಕಾರ್ಬುರೇಟರ್ ಇರುವ, ಏರ್ ಕೂಲ್ಡ್, ಒಂದೇ ಸಿಲಿಂಡರಿನ ಇಂಜಿನ್. ಬೋರ್ (ಸಿಲಿಂಡರಿನ ಒಳಗಿನ ಅಗಲ) 57.3 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ) 57.8 ಮಿ.ಮೀ., ಒಟ್ಟು 149 ಸಿಸಿ. ಇದಕ್ಕೆ 62 ಮಿ.ಮೀ. ಬೋರಿನ ಕಿಟ್ (ದೊಡ್ಡ ಸಿಲಿಂಡರ್, ಪಿಸ್ಟನ್) ಹಾಕಿಸಿ ಎರಡು ವರ್ಷವಾಯಿತು. ಕಿಟ್ ಹಾಕಿಸಿದ ವಾರವೇ ಬರೆಯುವ ವಿಮರ್ಶೆಯಲ್ಲಿ ಬರೀ ಖುಷಿ ಇರುತ್ತದೆ, ಅದಕ್ಕೇ ಇಷ್ಟು ದಿನ ಕಾದೆ.

ಮೊದಲು ಸಿಸಿ ಲೆಕ್ಕ. ಈ ಲೆಕ್ಕದಲ್ಲಿ ಬೋರ್ ಎರಡು ಸಲ ಬರುತ್ತದೆ, ಸ್ಟ್ರೋಕ್ ಒಂದೇ ಸಲ. ಬೋರಿನ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಆಮೇಲೆ ಸ್ಟ್ರೋಕಿನಿಂದ ಗುಣಿಸಬೇಕು. ಎಲ್ಲವೂ ಸೆಂಟಿಮೀಟರಿನಲ್ಲಿರಲಿ. ಬೋರ್ 4.7 ಮಿ.ಮೀ. ಹೆಚ್ಚಾಗಿದ್ದಕ್ಕೆ ನನ್ನ ಇಂಜಿನ್ 174 ಸಿಸಿ ದಾಟಿತು. ಅದೇ 4.7 ಮಿ.ಮೀ. ಸ್ಟ್ರೋಕಿಗೆ ಸೇರಿಸಿದ್ದರೆ 161 ಸಿಸಿ ಮಾತ್ರ ಆಗುತ್ತಿತ್ತು. ಅದಕ್ಕೆ ಇಂಜಿನ್ನಿನ ಒಳಗೆ ಸುತ್ತುವ ಕ್ರ್ಯಾಂಕಿನ ಪಿನ್ ಜಾಗ ಬದಲಿಸಬೇಕು, ಅಂದ್ರೆ ಇಡೀ ಇಂಜಿನ್ ಬಿಚ್ಚಬೇಕು. ಬೋರ್ ಕೆಲಸ ಸಿಲಿಂಡರ್ ಬಿಚ್ಚಿದರೆ ಮುಗಿಯುತ್ತದೆ. ಎಷ್ಟೋ ಜನ ಬೋರ್ ಕಿಟ್ ಆರಿಸುವುದು ಇದಕ್ಕೇ.

ಈಗ ಓಡಿಸಿದ ಅನುಭವ. ಎಲ್ಲರೂ ಹೇಳುವ ಮಾತೊಂದಿದೆ ಅಲ್ವಾ, ‘ಬೋರ್ ದೊಡ್ಡದಾದರೆ ಆರ್‌ಪಿಎಂ, ಸ್ಟ್ರೋಕ್ ಉದ್ದವಾದರೆ ಟಾರ್ಕ್’ ಅಂತ. ಅಂದರೆ ಮೊದಲನೆಯದು ಇಂಜಿನ್ ಜೋರಾಗಿ ಸುತ್ತುವುದಕ್ಕೆ, ಎರಡನೆಯದು ಎಳೆಯುವ ಶಕ್ತಿಗೆ. ನಾನೂ ಹಾಗೇ ನಂಬಿದ್ದೆ. ಟಾಪ್ ಸ್ಪೀಡ್ ಜಾಸ್ತಿಯಾಗುತ್ತದೆ ಅಂದುಕೊಂಡೇ ಹಾಕಿಸಿದೆ. ಆದದ್ದು ಬೇರೆ. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ತುಂಬಾ ಚೆನ್ನಾಗಿ ಬಂತು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ ಮೂರನೇ ಗೇರಿಗೆ ಇಳಿಸುತ್ತಿದ್ದ ಕಡೆ ಈಗ ನಾಲ್ಕರಲ್ಲೇ ಹೋಗುತ್ತೇನೆ. ಆದರೆ 8,000 ಆರ್‌ಪಿಎಂ ದಾಟಿದ ಮೇಲೆ ಗಾಡಿ ಮೊದಲಿಗಿಂತ ಬೇಗ ಸುಸ್ತಾಗುತ್ತದೆ. ಟಾಪ್ ಸ್ಪೀಡ್ ಹೆಚ್ಚೂಕಡಿಮೆ ಅಷ್ಟೇ.

ಕಾರಣ ಅರ್ಥವಾಗಲು ನನಗೆ ತಿಂಗಳುಗಳೇ ಬೇಕಾದವು. ದೊಡ್ಡ ಬೋರಿನ ನಿಜವಾದ ಲಾಭ ಎಂದರೆ ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್‌ನಲ್ಲಿ ದೊಡ್ಡ ವಾಲ್ವ್‌ಗಳಿಗೆ ಜಾಗ ಸಿಗುವುದು. ನನ್ನ ಹೆಡ್, ವಾಲ್ವ್, ವಾಲ್ವ್ ತೆರೆಯುವ ಕ್ಯಾಮ್ ಎಲ್ಲಾ ಹಳೆಯವೇ. 149 ಸಿಸಿಗೆ ಗಾಳಿ ಕೊಡುತ್ತಿದ್ದ ದಾರಿಯಲ್ಲೇ 174 ಸಿಸಿ ಉಸಿರಾಡಬೇಕು. ಕೆಳಗೆ ಅದು ಸಾಕಾಗುತ್ತದೆ, ಮೇಲೆ ಸಾಲುವುದಿಲ್ಲ. ಹಾಗಾಗಿ ನನ್ನ ಬೋರ್ ಕಿಟ್ ಕೊಟ್ಟಿದ್ದು ಜನ ಉದ್ದ ಸ್ಟ್ರೋಕಿಗೆ ಕಟ್ಟುವ ಗುಣವನ್ನೇ. ಟಾರ್ಕ್ ಬರುವುದು ಮುಖ್ಯವಾಗಿ ಸಿಸಿಯಿಂದ. ಆ ಸಿಸಿ ಬೋರಿನಿಂದ ಬಂತೋ ಸ್ಟ್ರೋಕಿನಿಂದ ಬಂತೋ ಅನ್ನುವುದು ಎರಡನೇ ಮಾತು.

ಕಂಪನಿಗಳು ಹೊಸದಾಗಿ ಇಂಜಿನ್ ಮಾಡುವಾಗ ಹೆಡ್ಡನ್ನೂ ಜೊತೆಗೇ ಮಾಡುತ್ತವೆ, ಅಲ್ಲಿ ಆ ಹಳೆಯ ಮಾತು ನಿಜವಾಗುತ್ತದೆ. ರಾಯಲ್ ಎನ್‌ಫೀಲ್ಡ್ 350ರ ಹಳೆಯ ಇಂಜಿನ್ 70 x 90 ಮಿ.ಮೀ., 346 ಸಿಸಿ. ಹೊಸದು 72 x 85.8, 349 ಸಿಸಿ. ಸಿಸಿ ಬಹುತೇಕ ಅಷ್ಟೇ, ಆದರೆ ಗರಿಷ್ಠ ಪವರ್ ಸಿಗುವ ಜಾಗ 5,250ರಿಂದ 6,100 ಆರ್‌ಪಿಎಂಗೆ ಏರಿತು. ಕೆಟಿಎಂ 390 ಉಲ್ಟಾ ದಾರಿ ಹಿಡಿಯಿತು. ಬೋರ್ 89ರಲ್ಲೇ ಬಿಟ್ಟು ಸ್ಟ್ರೋಕ್ 60ರಿಂದ 64 ಮಾಡಿ 373 ಸಿಸಿಯನ್ನು 399ಕ್ಕೆ ತಂದರು.

ಸ್ಟ್ರೋಕ್ ಉದ್ದವಾದರೆ ಪಿಸ್ಟನ್ ಒಂದು ಸುತ್ತಿನಲ್ಲಿ ಹೆಚ್ಚು ದೂರ ಓಡಬೇಕು. ನನ್ನ ಇಂಜಿನ್ 9,000 ಆರ್‌ಪಿಎಂನಲ್ಲಿದ್ದಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 17.3 ಮೀಟರ್. ಸ್ಟ್ರೋಕಿಗೆ 4.7 ಮಿ.ಮೀ. ಸೇರಿಸಿದ್ದರೆ ಅದು 18.75 ಆಗುತ್ತಿತ್ತು. ಬೋರ್ ಕಿಟ್‌ನಲ್ಲಿ ಈ ಚಿಂತೆ ಇಲ್ಲ. ಆದರೆ ಪಿಸ್ಟನ್ ಭಾರವಾಯಿತು, ಕ್ರ್ಯಾಂಕಿನ ಬ್ಯಾಲೆನ್ಸ್ ಹಳೆಯದೇ ಉಳಿಯಿತು. 6,000 ಆರ್‌ಪಿಎಂ ಮೇಲೆ ಫುಟ್‌ರೆಸ್ಟ್‌ನಲ್ಲಿ ನಡುಕ ಗೊತ್ತಾಗುತ್ತದೆ. ಉದ್ದದ ಓಟದಲ್ಲಿ ಇದು ನನಗೆ ನಿಜವಾಗಿಯೂ ಬೇಸರ ತಂದಿದೆ.

ಇದಕ್ಕಿಂತ ದೊಡ್ಡ ತೊಂದರೆ ಶುರುವಿನಲ್ಲೇ ಬಂತು. ನನ್ನ ಇಂಜಿನ್ನಿನ ಕಂಪ್ರೆಷನ್, ಅಂದರೆ ಒಳಗಿನ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, 9.5 ಇತ್ತು. ಕಿಟ್‌ನಲ್ಲಿ ಬಂದ ಪಿಸ್ಟನ್ನಿನ ತಲೆ ಚಪ್ಪಟೆ. ಹೆಡ್‌ನ ಒಳಗಿನ ಜಾಗ ಅಷ್ಟೇ ಇದ್ದು ಸಿಸಿ ಮಾತ್ರ ಹೆಚ್ಚಿದ್ದರಿಂದ ಕಂಪ್ರೆಷನ್ 11ರ ಹತ್ತಿರ ಹೋಯಿತು. ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟರೆ ಕಟಕಟ ಅಂತ ನಾಕಿಂಗ್, ಅಂದರೆ ಮಿಶ್ರಣ ತಾನಾಗೇ ಸಿಡಿಯುವ ಸದ್ದು. ಕಿಟ್ ಕೊಟ್ಟವರು ‘ಸುಮ್ನೆ ಓಡಿಸಿ, ರನ್ನಿಂಗ್ ಇನ್ ಆಗಿ ಹೊಸ ಭಾಗಗಳು ಪಳಗಿದಮೇಲೆ ಸರಿಹೋಗುತ್ತೆ’ ಅಂದರು. ನಾಕಿಂಗ್ ತಾನಾಗೇ ಸರಿಹೋಗುವಂಥದ್ದಲ್ಲ, ಪಿಸ್ಟನ್ ತೂತು ಬೀಳಿಸಬಲ್ಲದು. 900 ಕಿ.ಮೀ.ಗೆ ಬಿಚ್ಚಿಸಿ, ತಲೆಯಲ್ಲಿ ತಗ್ಗು ಇರುವ ಪಿಸ್ಟನ್ ಹಾಕಿಸಿದೆ. ಕಂಪ್ರೆಷನ್ 9.7ಕ್ಕೆ ಇಳಿಯಿತು, ಸದ್ದು ನಿಂತಿತು. ಆಗಲೇ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ಟನ್ನೂ ಎರಡು ಸೈಜ್ ದೊಡ್ಡದು ಮಾಡಿಸಿದೆ. ಅದಕ್ಕೆ ಮುಂಚೆ ಸ್ಪಾರ್ಕ್ ಪ್ಲಗ್ ತುದಿ ಬಿಳಿಚಿಕೊಂಡು ಪೆಟ್ರೋಲ್ ಸಾಲುತ್ತಿಲ್ಲ ಎಂದು ಹೇಳುತ್ತಿತ್ತು.

ಮೈಲೇಜ್ 47ರಿಂದ 41ಕ್ಕೆ ಇಳಿದಿದೆ. ಆಯಿಲ್ಲನ್ನು 2,000 ಕಿ.ಮೀ.ಗೇ ಬದಲಿಸುತ್ತೇನೆ, ಬಿಸಿ ಜಾಸ್ತಿ.

ಹಾಕಿಸುವ ಮನಸ್ಸಿದ್ದರೆ ಕೊಳ್ಳುವ ಮುಂಚೆ ಪಿಸ್ಟನ್ನಿನ ತಲೆ ಹೇಗಿದೆ ಎಂದು ಕೇಳಿ, ನಿಮ್ಮ ಹೆಡ್‌ಗೆ ಕಂಪ್ರೆಷನ್ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. ರಿಂಗ್ ಗ್ಯಾಪನ್ನು (ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಸಂದು) ಫೀಲರ್ ಗೇಜ್‌ನಲ್ಲಿ ಕಣ್ಣೆದುರೇ ಅಳೆಸಿ. ಟಾಪ್ ಸ್ಪೀಡ್ ಬೇಕಿದ್ದವರು ಹೆಡ್ ಕೆಲಸಕ್ಕೂ ಸೇರಿಸಿಯೇ ಹಣ ಎತ್ತಿಡಿ. ನನಗೆ ಏರಿನ ಎಳೆತವೇ ಸಾಕು, ಹೆಡ್ ಮುಟ್ಟಿಸುತ್ತಿಲ್ಲ. ಕ್ಲಚ್ ಪ್ಲೇಟ್ ಮಾತ್ರ ಜಾರಲು ಶುರುವಾಗಿದೆ. ಈ ಸಲದ ಸರ್ವಿಸ್‌ನಲ್ಲಿ ಪ್ಲೇಟ್ ಜೊತೆ ಗಟ್ಟಿ ಸ್ಪ್ರಿಂಗ್ ಹಾಕಿಸುತ್ತಿದ್ದೇನೆ.